ಸೀಟಕ್ಕನ ಅಡುಗೆಮನೆ ಕಿಟಕಿ

ಆ ಬೀದಿಯವರು ಸೀಟಕ್ಕನ ಬಗ್ಗೆ ಮೂವತ್ತು ವರ್ಷ ಒಂದೇ ಮಾತು ಹೇಳಿದರು: "ಆ ಮನೆಗೆ ಎರಡೆರಡು ಬಾಗಿಲಿದೆ. ಆಯಮ್ಮನಿಗೆ ಮಾತ್ರ ಕಿಟಕಿನೇ ಬೇಕು."

ಎದುರುಮನೆಯ ಗಡಿಯಾರ ರಿಪೇರಿಯವನು ಅದಕ್ಕೊಂದು ಬಾಲ ಸೇರಿಸುತ್ತಿದ್ದ: "ಕಳ್ಳರು ಕಿಟಕಿಯಿಂದ ಒಳಗೆ ಹೋಗೋದು ಕೇಳಿದ್ದೆ. ಮನೆಯವರೇ ಕಿಟಕಿಯಿಂದ ಹೊರಗೆ ಬೀಳೋದು ಇಲ್ಲೇ ನೋಡಿದ್ದು." ಪಕ್ಕದ ಮನೆಯ ರಿಟೈರ್ಡ್ ನರ್ಸಮ್ಮ, "ಸೊಂಟ ಮುರ್ಕೊಂಡ್ರೆ ನನ್ನ ಮಾತ್ರ ಕರೀಬೇಡಿ" ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಕಾಂಪೌಂಡ್ ಗೋಡೆಗೆ ಮೊಣಕೈ ಊರಿ, ಕೊನೆಯವರೆಗೂ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಮಾತಿಗೆ ಕಾಲಿಲ್ಲ, ಆದರೂ ಊರೆಲ್ಲ ಸುತ್ತುತ್ತದೆ. ಸೀಟಕ್ಕನೂ ಹಾಗೆಯೇ. ಮೂರು ವರ್ಷದ ಮಗುವಾಗಿದ್ದಾಗ ಬಂದ ಜ್ವರ ಎರಡೂ ಕಾಲುಗಳ ಬಲವನ್ನು ಹೊತ್ತುಕೊಂಡು ಹೋಗಿತ್ತು. ನಾಲಿಗೆಯ ತಂಟೆಗೆ ಹೋಗಲು ಅದಕ್ಕೂ ಧೈರ್ಯ ಬಂದಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕಾರಿನ ಸೀಟುಗಳಿಗೆ ಸ್ಪಂಜು ತುಂಬಿ ರೆಕ್ಸಿನ್ ಹೊಲಿಯುವುದು ಅವಳ ಕಸುಬು, ಹೆಸರು ಬಂದದ್ದೂ ಅದರಿಂದಲೇ. ಹರಿದ ಸೀಟೊಂದನ್ನು ಎದುರಿಗಿಟ್ಟರೆ ಸಾಕು, ಕಾರಿನ ಯಜಮಾನನ ಚರಿತ್ರೆಯನ್ನೆಲ್ಲ ಬಿಚ್ಚಿಡುತ್ತಿದ್ದಳು. "ಇವನು ಕ್ಲಚ್ ಮೇಲೇ ಸಂಸಾರ ಮಾಡ್ತಾನೆ, ಎಡಗಡೆ ಸ್ಪಂಜು ಸತ್ತೇ ಹೋಗಿದೆ ನೋಡು." "ಇವನಿಗೂ ಹೆಂಡತಿಗೂ ಮಾತಿಲ್ಲ, ಪಕ್ಕದ ಸೀಟು ಹೊಚ್ಚಹೊಸದು."

ಅವಳ ಚರಿತ್ರೆಯನ್ನು ಕಂಡದ್ದು ಕಂಡ ಹಾಗೆ ಹೇಳಬಲ್ಲವಳು ತಮ್ಮನ ಹೆಂಡತಿ. ಅವಳು ಬಸ್ಸಿನ ಕಂಡಕ್ಟರ್ ಆಗಿದ್ದಳು, ಮನೆಯಲ್ಲೂ ಅವಳಿಗೆ ಅದೇ ಹೆಸರು. ನಲವತ್ತು ಸೀಟಿನ ಬಸ್ಸಿನಲ್ಲಿ ತೊಂಬತ್ತು ಜನರನ್ನು ಹಿಂದೆ ಮುಂದೆ ತಳ್ಳಿ ಪಳಗಿದ ಗಂಟಲು. ಮದುವೆಯಾಗಿ ಬಂದ ದಿನ ಎಲ್ಲರೂ ಹೊಸ ಸೊಸೆಗೆ ಅಡುಗೆ ಬರುತ್ತದೆಯೇ ಎಂದು ನೋಡುತ್ತಿದ್ದರೆ, ಸೀಟಕ್ಕ ಮೇಲಿಂದ ಕೆಳಗೆ ಅಳೆದು ಕೇಳಿದ್ದು ಬೇರೆ.

"ಚಲಿಸೋ ಗಾಡೀಲಿ ಕೂತು ಓದಿದ್ರೆ ನಿನಗೆ ವಾಂತಿ ಬರುತ್ತೇನೇ?"

"ಇಲ್ಲ ಅಕ್ಕಾ. ನಿಂತ್ಕೊಂಡೇ ಟಿಕೆಟ್ ಬರೀತೀನಿ."

"ಹಾಗಿದ್ರೆ ಈ ಮನೆಗೆ ನೀನು ಸರಿಯಾದ ಸೊಸೆ."

ಆ ಪ್ರಶ್ನೆಯ ಬೆನ್ನ ಹಿಂದೆ ಒಂದು ಸೀಟಿತ್ತು. ಅದರ ಹಿಂದಿನ ವರ್ಷ ಗುಡ್ಡದ ರೇಸಿನಲ್ಲಿ ಓಡಿಸುವವನೊಬ್ಬ ತನ್ನ ಕಾರಿನ ಸೀಟನ್ನು ರಿಪೇರಿಗೆ ತಂದುಕೊಟ್ಟಿದ್ದ. ಗುಡ್ಡದ ರೇಸೆಂದರೆ ಮಣ್ಣಿನ ತಿರುವುದಾರಿಯಲ್ಲಿ ಕಾರುಗಳು ಒಂದೊಂದಾಗಿ ಗಡಿಯಾರದ ಮೇಲೆ ಪಂತ ಕಟ್ಟಿ ಓಡುವುದು. ಒಬ್ಬರು ಓಡಿಸಬೇಕು, ಪಕ್ಕದಲ್ಲಿ ಕೂತವರು ಮುಂದಿನ ತಿರುವು ಯಾವುದೆಂದು ಪುಸ್ತಕ ನೋಡಿ ಕೂಗಬೇಕು. ಹೊಲಿಗೆ ಮುಗಿಸಿದ ಸೀಟಕ್ಕ, ಸರಿಯಾಗಿದೆಯೋ ನೋಡೋಣವೆಂದು ಅದರೊಳಗೆ ಕೂತಳು. ಯಾವ ಕುರ್ಚಿಯಲ್ಲಿ ಕೂತರೂ ಒಂದು ಕಡೆಗೆ ಜಾರುತ್ತಿದ್ದ ಅವಳ ಸೊಂಟವನ್ನು ಆ ಸೀಟು ಎರಡೂ ಪಕ್ಕದಿಂದ ಗಪ್ಪನೆ ಹಿಡಿದುಕೊಂಡಿತು. ಅಷ್ಟೇ, ಕೆಟ್ಟಳು.

"ನೋಡೋ," ಎಂದಳು ತಮ್ಮನಿಗೆ. "ಈ ರೇಸಿನವರೆಲ್ಲ ನನ್ನ ಹಾಗೇ ಕಟ್ಟಿಹಾಕಿಸ್ಕೊಂಡು ಕೂರ್ತಾರೆ. ಸೊಂಟದಿಂದ ಕೆಳಗೆ ಏನಿದೆ ಅಂತ ಯಾರಿಗೆ ಕಾಣುತ್ತೆ?"

ತಮ್ಮ ವೆಲ್ಡಿಂಗ್ ಕೆಲಸದವನು. ಎರಡು ಕಬ್ಬಿಣ ಎದುರಿಗಿದ್ದರೆ ಅಂಟಿಸದೆ ಬಿಡುವವನಲ್ಲ, ಎರಡು ಮಾತು ಮಾತ್ರ ಯಾವತ್ತೂ ಜೋಡಿಸಿದವನಲ್ಲ. ಗುಜರಿಯಿಂದ ಒಂದು ಹಳೆಯ ಕಾರು ತಂದ. ಸ್ಟೀರಿಂಗಿನ ಹಿಂದೆ ಉಂಗುರದಂಥದೊಂದನ್ನು ಕೂರಿಸಿದ, ಒತ್ತಿದರೆ ವೇಗ ಏರುವ ಹಾಗೆ. ಗೇರಿನ ತಲೆಗೇ ಕ್ಲಚ್ಚಿನ ಹಿಡಿಕೆ ಬಂತು. ಬ್ರೇಕಿಗೆ ಒಂದು ಉದ್ದನೆಯ ಸನ್ನೆ ಬೇಕಿತ್ತು. ಸೀಟಕ್ಕ ತನ್ನ ಹಳೆಯ ಊರುಗೋಲನ್ನೇ ಎಸೆದು, "ಇಷ್ಟು ವರ್ಷ ಎಲ್ಲಿಗೆ ಹೋದ್ರೂ ನಾನೇ ಇದನ್ನ ಹೊತ್ಕೊಂಡು ತಿರುಗಿದೆ. ಇನ್ನು ಇದೂ ಸ್ವಲ್ಪ ದುಡೀಲಿ" ಎಂದಳು.

ಕಾರು ಓಡಿತು. ಸೀಟಕ್ಕ ಓಡಿಸಿದಳು. ಊರಾಚೆಯ ಕಲ್ಲುಕ್ವಾರಿಯ ದಾರಿಯಲ್ಲಿ ಕಂಡಕ್ಟರ್ ಪಕ್ಕದಲ್ಲಿ ಕೂತು ತಿರುವು ಕೂಗಿದಳು. ಗಂಟಲು ಕಟ್ಟಿದಾಗ ಬಸ್ಸಿನ ಸೀಟಿ ಊದಿದಳು: ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೋಗು. ಇನ್ನು ರೇಸಿಗೆ ಹೆಸರು ಕೊಡುವುದೊಂದೇ ಬಾಕಿ ಎಂದುಕೊಂಡು ಇಬ್ಬರೂ ಕ್ಲಬ್ಬಿಗೆ ಹೋದರು.

ಕ್ಲಬ್ಬಿನ ಕಾರ್ಯದರ್ಶಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು. ಸೀಟಕ್ಕನ ಗಾಲಿಕುರ್ಚಿಯ ಮುಂದೆ ಮಂಡಿಯೂರಿ, ಮಗುವಿನ ಜೊತೆ ಮಾತಾಡುವಂತೆ ದನಿ ಇಳಿಸಿದ.

"ನೀವು ನಮಗೆಲ್ಲ ಸ್ಫೂರ್ತಿ."

"ಸ್ಫೂರ್ತಿ ಅಂದ್ರೆ ಯಾವುದೋ ಸೋಪಿನ ಹೆಸರಿನ ಹಾಗಿದೆ," ಎಂದಳು ಸೀಟಕ್ಕ. "ನನಗೆ ಲೈಸೆನ್ಸ್ ಬೇಕು."

"ಅದು ಸ್ವಲ್ಪ ಕಷ್ಟ. ಆದ್ರೆ ರೇಸಿನ ದಿನ ನೀವು ಬಾವುಟ ಬೀಸಿ ಶುರು ಮಾಡಿಕೊಡಬಹುದು. ಚಪ್ಪಾಳೆ ಹೊಡೆಸ್ತೀವಿ."

"ಬಾವುಟಕ್ಕೆ ಒಂದು ಕಂಬ ನೆಟ್ಟರೆ ಸಾಕಪ್ಪ, ನಾನ್ಯಾಕೆ?"

ಮೂಲೆಯಲ್ಲಿ ಕಾರು ತಪಾಸಣೆಯ ಅಧಿಕಾರಿ ಕೂತಿದ್ದ. ಮೂಳೆ ಚಕ್ಕಳದ ಮನುಷ್ಯ. ನಕ್ಕರೆ ನಿಯಮ ತಪ್ಪೀತೆಂಬ ಮುಖ. ಅವನು ತಲೆಯೆತ್ತದೆ ಹೇಳಿದ: "ಕೈಯಲ್ಲಿ ಓಡಿಸಬಾರದು ಅಂತ ನಿಯಮ ಇಲ್ಲ. ಆದ್ರೆ ಬೆಂಕಿ ಹತ್ತಿದರೆ ಹೊರಗೆ ಬರೋಕೆ ಆಗಬೇಕು. ಬೆಲ್ಟು ಬಿಚ್ಚಿ, ಯಾರ ಸಹಾಯವೂ ಇಲ್ಲದೆ, ಇಪ್ಪತ್ತು ಸೆಕೆಂಡಿನೊಳಗೆ ಕಾರಿಂದ ಆಚೆ ಇರಬೇಕು. ಇನ್ನು ಮೂರು ತಿಂಗಳಿಗೆ ಪರೀಕ್ಷೆ. ವರ್ಷಕ್ಕೆ ಒಂದೇ ಸಲ."

ಕಾರ್ಯದರ್ಶಿಯ ಮುಖ ಅರಳಿತು. ಸೀಟಕ್ಕ ಮನೆಯಿಂದ ಆಟೋ ಹತ್ತಲು ಹತ್ತು ನಿಮಿಷ ತೆಗೆದುಕೊಂಡಿದ್ದನ್ನು ಅವನು ಯಾರಿಂದಲೋ ಕೇಳಿದ್ದ.

ಬರುವಾಗ ಕಂಡಕ್ಟರ್, "ಓಡಿಸೋಕೆ ಬರುತ್ತಾ ಅಂತ ಯಾರೂ ಕೇಳಲೇ ಇಲ್ವಲ್ಲ ಅಕ್ಕಾ" ಎಂದಳು.

"ಒಳಗೆ ಬಿಟ್ಕೊಳ್ಳೋಕೆ ಮನಸ್ಸಿಲ್ಲದೋರು ಮೊದಲು ಕೇಳೋದೇ ಯಾವಾಗ ಹೊರಗೆ ಹೋಗ್ತೀಯ ಅಂತ ಕಣೇ," ಎಂದಳು ಸೀಟಕ್ಕ.

ಕಾರಿನೊಳಗೆ ಕಬ್ಬಿಣದ ಪಂಜರ ಕೂರಿಸುವ ಕೆಲಸ ತಮ್ಮನ ಶೆಡ್ಡಿನಲ್ಲಿ ನಡೆದಿತ್ತು. ಪಂಜರವಿದ್ದ ಮೇಲೆ ಬಾಗಿಲಿಗೆ ಅಡ್ಡ ಕಂಬಿ ಬರುತ್ತದೆ, ಹೊರಬರುವುದು ಕಿಟಕಿಯಿಂದಲೇ. ಅಭ್ಯಾಸಕ್ಕೆ ಕಾರಿಲ್ಲ, ಕಿಟಕಿಯೊಂದಂತೂ ಬೇಕು. ಮನೆಯೆಲ್ಲ ಅಳೆದು ನೋಡಿದರೆ ಕಾರಿನ ಕಿಟಕಿಯಷ್ಟೇ ಅಗಲವಿದ್ದದ್ದು ಅಡುಗೆಮನೆಯದು. ತಮ್ಮ ಅದರ ಸರಳುಗಳನ್ನು ಕತ್ತರಿಸಿ ಹಾಕಿದ. ಪಕ್ಕದಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಸೀಟಕ್ಕನೇ ಹೊಲಿದ ಅಂಥದೇ ರೇಸಿನ ಸೀಟು, ಸೀಟಿಗೆ ನಾಲ್ಕು ಬೋಲ್ಟು. ಹೊರಗೆ ನೆಲದ ಮೇಲೆ ಸ್ಪಂಜಿನ ಚೂರು ತುಂಬಿದ ಹಾಸಿಗೆ. ಸೀಟನ್ನು ಯಾವ ದಿಕ್ಕಿಗೆ ಮುಖ ಮಾಡಿ ಕೂರಿಸಬೇಕೆಂದು ತಮ್ಮ ಕೇಳಿದಾಗ, ಅಮ್ಮ ಯೋಚನೆಯನ್ನೇ ಮಾಡದೆ, "ಒಲೆ ಕಡೆಗೆ ಇಡೋ. ಅವಳು ಅಲ್ಲಿ ಕೂತಿರೋವಾಗ ಹಾಲಿನ ಮೇಲೂ ಒಂದು ಕಣ್ಣಿಡ್ತಾಳೆ" ಎಂದಳು.

ಸರಿಯಾದ ಮಾತೇ. ಯಾರೂ ಎದುರಾಡಲಿಲ್ಲ.

ಸಮಯ ನೋಡುವ ಕೆಲಸವೂ ಅಮ್ಮನದೇ. ಮೂವತ್ತೊಂದು ವರ್ಷ ಶಾಲೆಯಲ್ಲಿ ಗಂಟೆ ಹೊಡೆದವಳು. ಅವಳ ಗಂಟೆ ಕೇಳಿ ಹೆಡ್‌ಮಾಸ್ಟರೇ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತು, "ಹೂಂ" ಎನ್ನುತ್ತಿದ್ದಳು, ಎಣಿಸುತ್ತಿದ್ದಳು. ಸೀಟಕ್ಕ ಬೆಲ್ಟು ಬಿಚ್ಚಿ, ಎಡಗೈಯಿಂದ ಕಿಟಕಿಯ ಮೇಲಂಚು ಹಿಡಿದು, ಬಲಗೈಯಿಂದ ಸೀಟನ್ನು ಒತ್ತಿ, ಸೊಂಟವನ್ನು ಎಡಕ್ಕೆ ಎಸೆದು, ಕಾಲುಗಳನ್ನು ಸಾಮಾನಿನ ಚೀಲದ ಹಾಗೆ ಹಿಂದಿನಿಂದ ಎಳೆದುಕೊಂಡು ಹೊರಗೆ ಉರುಳುತ್ತಿದ್ದಳು. ಮೊದಲ ದಿನ ಅಮ್ಮನ ಲೆಕ್ಕದಲ್ಲಿ ಐವತ್ತಾರು. ತಿಂಗಳು ಕಳೆಯುವಷ್ಟರಲ್ಲಿ ಹದಿನೆಂಟು! ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ನರ್ಸಮ್ಮನೂ ತಟ್ಟಿ, ಮತ್ತೆ ತಟ್ಟಲೇ ಇಲ್ಲವೆಂಬಂತೆ ಕೈ ಒರೆಸಿಕೊಂಡಳು.

ಆ ಹೊತ್ತಿಗೆ ಗಡಿಯಾರ ರಿಪೇರಿಯವನು ಬೀದಿ ದಾಟಿ ಬಂದು ಬಾಗಿಲಲ್ಲಿ ನಿಂತ. ಮುಖ ಹುಳಿಹುಳಿ. ಕೈಯಲ್ಲೊಂದು ಸ್ಟಾಪ್‌ವಾಚು.

"ಒಂದು ತಿಂಗಳಿಂದ ತಡ್ಕೊಂಡಿದ್ದೆ. ಇನ್ನು ಆಗಲ್ಲ. ಈಗ ಆಗಿದ್ದು ಹದಿನೆಂಟಲ್ಲ. ಮೂವತ್ತನಾಲ್ಕು."

"ನನ್ನ ಎಣಿಕೆ ತಪ್ಪು ಅಂತೀಯೇನೋ?" ಅಮ್ಮ ಮಣೆಯಿಂದ ಎದ್ದೇ ಬಿಟ್ಟಳು.

"ಹದಿಮೂರಕ್ಕೂ ಹದಿನಾಲ್ಕಕ್ಕೂ ನಡುವೆ ನೀವು ಸೆರಗು ಸರಿಮಾಡ್ಕೊಂಡ್ರಿ, ಕೆಮ್ಮಿದ್ರಿ, ಸೊಸೆಗೆ ಒಲೆ ಸಣ್ಣ ಮಾಡು ಅಂದ್ರಿ. ನಾನು ಅಲ್ಲಿಂದಲೇ ನೋಡಿದೀನಿ."

ಕಂಡಕ್ಟರ್ ಅತ್ತೆಯ ಮುಖ ನೋಡಿದಳು. ಅಲ್ಲಿ ತಪ್ಪಿತಸ್ಥೆಯ ಕಳೆ ಒಂದಿಷ್ಟೂ ಇರಲಿಲ್ಲ.

"ಮಗು ಒದ್ದಾಡ್ತಿರುವಾಗ ಪಟಪಟ ಅಂತ ಎಣಿಸೋಕೆ ನಾನೇನು ರಾಕ್ಷಸಿಯಾ? ಶಾಲೇಲೂ ಅಷ್ಟೇ. ಗಣಿತದ ಪೀರಿಯಡ್ಡು ಐದು ನಿಮಿಷ ಮೊದಲೇ ಮುಗಿಸ್ತಿದ್ದೆ, ಆಟದ ಪೀರಿಯಡ್ಡು ಐದು ನಿಮಿಷ ಎಳೀತಿದ್ದೆ. ಒಂದು ಮಗುವಾದ್ರೂ ದೂರು ಕೊಡ್ತಾ?"

ಸೀಟಕ್ಕ ಕಿಟಕಿಯ ಹೊರಗೆ ಹಾಸಿಗೆಯ ಮೇಲೆ ಬಿದ್ದುಕೊಂಡೇ ಇದ್ದಳು. ಅಳುತ್ತಿದ್ದಾಳೇನೋ ಎಂದು ಕಂಡಕ್ಟರ್ ಇಣುಕಿದರೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಆಕಾಶ ನೋಡುತ್ತಲೇ ಹೇಳಿದಳು: "ಎರಡು ತಿಂಗಳಿದೆ. ವಾಚಿನೋನೇ, ನೀನೇ ನಿಂತ್ಕೋ. ಅಮ್ಮಾ, ನೀನು ಹಾಲು ನೋಡ್ಕೋ."

ಆ ಎರಡು ತಿಂಗಳಲ್ಲಿ ಸೀಟಕ್ಕನ ಭುಜ ಪೈಲ್ವಾನನದಾಯಿತು, ಮೊಣಕೈ ಕಲ್ಲಾಯಿತು. ಮೂವತ್ತನಾಲ್ಕು ಇಪ್ಪತ್ತೆಂಟಾಯಿತು, ಇಪ್ಪತ್ತೆರಡಕ್ಕೆ ಬಂದು ಹಟ ಹಿಡಿದು ಹದಿನೈದು ದಿನ ಅಲ್ಲೇ ಕೂತಿತು. ಪರೀಕ್ಷೆಗೆ ವಾರವಿರುವಾಗ ಹದಿನೇಳು. ವಾಚಿನವನ ಹದಿನೇಳು, ಅಂದರೆ ಕಲ್ಲಿನ ಮೇಲೆ ಕೊರೆದ ಹದಿನೇಳು.

ಪರೀಕ್ಷೆಯ ಬೆಳಗ್ಗೆ ಶೆಡ್ಡಿನಿಂದ ಕಾರು ಬಂತು, ಹೊಸ ಪಂಜರದ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಕ್ಲಬ್ಬಿನ ಮೈದಾನದಲ್ಲಿ ತಮ್ಮ ಅಕ್ಕನನ್ನು ಎತ್ತಿ ಒಳಗೆ ಕೂರಿಸಿದ. ಒಳಗೆ ಹೋಗಲು ಸಹಾಯ ಪಡೆಯಬಾರದೆಂದು ನಿಯಮವಿರಲಿಲ್ಲ. ಪಕ್ಕದ ಸೀಟಿನಲ್ಲಿ ಕಂಡಕ್ಟರ್ ಕೂತಳು. ಹೆಲ್ಮೆಟ್, ಬೆಲ್ಟು ಎಲ್ಲ ಬಿಗಿದಾಯಿತು. ಕಾರ್ಯದರ್ಶಿ ಕ್ಯಾಮೆರಾದವನೊಬ್ಬನನ್ನೂ ಕರೆಸಿದ್ದ. ಸೋತವರ ಕಣ್ಣೀರೂ ಸ್ಫೂರ್ತಿಯೇ ತಾನೆ.

ಆಗ ಕಂಡಕ್ಟರಿಗೆ ಏನೋ ಕಸಿವಿಸಿಯಾಯಿತು. ಮನೆಯಲ್ಲಿ ತಾನು ನಿಂತು ನೋಡುತ್ತಿದ್ದಾಗ ಅಕ್ಕನ ಯಾವ ಪಕ್ಕ ಕಿಟಕಿಯಿತ್ತೋ, ಆ ಪಕ್ಕದಲ್ಲಿ ಈಗ ತಾನೇ ಕೂತಿದ್ದಳು.

"ಅಕ್ಕಾ."

"ಸುಮ್ನಿರೇ, ಉಸಿರು ಎಳ್ಕೊಳ್ತಿದೀನಿ."

"ಅಕ್ಕಾ, ಅಡುಗೆಮನೆ ಕಿಟಕಿ ನಿಮ್ಮ ಎಡಕ್ಕಿತ್ತು."

"ಹೂಂ."

"ಇಲ್ಲಿ ಡ್ರೈವರ್ ಕಿಟಕಿ ಬಲಕ್ಕಿದೆ."

ಸೀಟಕ್ಕ ಬಲಕ್ಕೆ ನೋಡಿದಳು. ಎಡಕ್ಕೆ ನೋಡಿದಳು. ಮೂರು ತಿಂಗಳು, ದಿನಕ್ಕೆ ನಲವತ್ತು ಸಲ, ಈ ಮೈ ಎಡಕ್ಕೇ ಉರುಳಿತ್ತು. ಎಡಗೈಗೆ ಹಿಡಿಯುವುದು ಗೊತ್ತು, ಬಲಗೈಗೆ ತಳ್ಳುವುದು ಗೊತ್ತು. ತಿರುಗಿಸಿ ಮಾಡೆಂದರೆ ಹೊಸ ಮೈಯೇ ಬೇಕು.

"ಈಗ ಹೇಳ್ತೀಯಲ್ಲೇ ಪುಣ್ಯಾತ್ಗಿತ್ತಿ!"

"ಇವತ್ತು ಬೇಡ ಅಂದುಬಿಡೋಣ. ಮುಂದಿನ ವರ್ಷ..."

"ಮುಂದಿನ ವರ್ಷ ಆ ಬೆಣ್ಣೆಗೂದಲು ಹೊಸ ನಿಯಮ ಬರೆಸಿರ್ತಾನೆ." ಸೀಟಕ್ಕ ಕಣ್ಣು ಮುಚ್ಚಿ ತೆರೆದಳು. "ನೀನು ಒಂದೇ ಕೆಲಸ ಮಾಡು. ಎರಡೂ ಕೈ ಮೇಲೆತ್ಕೊ. ನನ್ನ ಮುಟ್ಟಬೇಡ. ನಾನು ಏನು ಮಾಡಿದ್ರೂ ಅಲ್ಲಾಡಬೇಡ. ತುಂಬಿದ ಬಸ್ಸು ಅಂದ್ಕೋ."

ತಪಾಸಣೆಯ ಅಧಿಕಾರಿ ಶಿಳ್ಳೆ ಊದಿದ.

ಮುಂದಿನ ಹತ್ತೊಂಬತ್ತು ಸೆಕೆಂಡಿನ ಬಗ್ಗೆ ಕಂಡಕ್ಟರ್ ಬದುಕಿಡೀ ಹೇಳಿಕೊಂಡಳು, ಹೇಳಿದಾಗಲೆಲ್ಲ ಒಂದೊಂದು ಗಾಯ ಹೆಚ್ಚಾಯಿತು. ಕಟಕಟ ಬೆಲ್ಟು ಬಿಚ್ಚಿದ್ದು ಕೇಳಿತು. ಕಳ್ಳಿ ಪೊಲೀಸರಿಗೆ ಸಿಕ್ಕಿಬಿದ್ದಂತೆ ಅವಳು ಎರಡೂ ಕೈ ಎತ್ತಿದಳು. ಅಷ್ಟರಲ್ಲಿ ಹೆಲ್ಮೆಟ್ಟಿಗೆ ಹೆಲ್ಮೆಟ್ ಢಿಕ್ಕಿ ಹೊಡೆಯಿತು. ಒಂದು ಮೊಣಕೈ ಪಕ್ಕೆಲುಬಿಗೆ, ಇನ್ನೊಂದು ಹೇಳಬಾರದ ಕಡೆಗೆ. ಸೀಟಕ್ಕನ ಎದೆ, ಹೊಟ್ಟೆ, ಸೊಂಟ ಮೆರವಣಿಗೆಯಂತೆ ಮಡಿಲ ಮೇಲೆ ಹಾದುಹೋದವು. ಬೈಗುಳ ನಿಂತಿರಲಿಲ್ಲ. ಕೊನೆಗೆ ಒಂದು ಚಪ್ಪಲಿ ಮೂಗಿಗೆ ತಾಗಿ, ಹೊರಗೆ ಮೂಟೆ ಬಿದ್ದ ಸದ್ದಾಯಿತು.

ಕಾರ್ಯದರ್ಶಿ ಕೂಗಿದ: "ಅದು ಲೆಕ್ಕಕ್ಕಿಲ್ಲ! ಡ್ರೈವರ್ ಕಿಟಕಿಯಿಂದ ಬರಲೇ ಇಲ್ಲ!"

ತಪಾಸಣೆಯ ಅಧಿಕಾರಿ ಕಿಸೆಯಿಂದ ನಿಯಮದ ಪುಸ್ತಕ ತೆಗೆದ. ಬೆರಳು ನೆಕ್ಕಿ ಹಾಳೆ ತಿರುಗಿಸಿದ. ಓದಿದ. "'ಕಾರಿನಿಂದ ಹೊರಬರಬೇಕು' ಅಂತಿದೆ. ಯಾವ ಕಿಟಕಿ ಅಂತ ಇಲ್ಲ."

"ಆ ಹೆಂಗಸು ಮಡಿಲು ಕೊಟ್ಟಳು! ಅದು ಸಹಾಯ ಅಲ್ವಾ?"

ಅಧಿಕಾರಿ ಕಾರಿನೊಳಗೆ ಬಗ್ಗಿ, ಇನ್ನೂ ಕೈ ಎತ್ತಿಕೊಂಡೇ ಕೂತಿದ್ದ ಕಂಡಕ್ಟರನ್ನು ಉದ್ದಗಲ ನೋಡಿದ. "ಸಹಾಯ ಅಲ್ಲ. ಅಡಚಣೆ," ಎಂದು, ಹಾಗೆಯೇ ಬರೆದುಕೊಂಡ. "ಅಡಚಣೆಯನ್ನು ದಾಟಿ, ಹತ್ತೊಂಬತ್ತು ಸೆಕೆಂಡು."

"ಅಡಚಣೆನಾ?" ಎಂದು ಕಂಡಕ್ಟರ್ ಒಳಗಿಂದಲೇ ಅಬ್ಬರಿಸಿದಳು. ಆದರೆ ಕಾಗದಕ್ಕೆ ಸೀಲು ಬಿದ್ದಾಗಿತ್ತು. ಆ ಕಾಗದ ಆಮೇಲೆ ಮನೆಯ ಗೋಡೆ ಹತ್ತಿತು. ಸೀಟಕ್ಕನ ಹೆಸರಿನ ಮುಂದೆ 'ಚಾಲಕಿ', ಕಂಡಕ್ಟರ್ ಹೆಸರಿನ ಮುಂದೆ 'ಅಡಚಣೆ'. ನೆಂಟರು ಬಂದಾಗ ಅದರ ಮುಂದೆ ಟವೆಲ್ ಒಣಹಾಕುವುದು ಅವಳಿಗೆ ರೂಢಿಯಾಯಿತು.

ಮನೆಗೆ ಬಂದು ಸುದ್ದಿ ಹೇಳಿದಾಗ ಅಮ್ಮ ಎಲ್ಲ ಕೇಳಿಸಿಕೊಂಡು, "ಅಯ್ಯೋ, ಅಷ್ಟೇನಾ? ಆ ಸೀಟನ್ನ ಮೊದಲೇ ತಿರುಗಿಸಿ ಕೂರಿಸಿದ್ರೆ ಕಿಟಕಿ ಬಲಕ್ಕೇ ಬರ್ತಿತ್ತಲ್ಲ" ಎಂದಳು. ತಮ್ಮ ಎದ್ದು ಹೋಗಿ ಸ್ಪ್ಯಾನರ್ ತಂದು, ನಾಲ್ಕು ಬೋಲ್ಟು ಬಿಚ್ಚಿ, ಸೀಟು ತಿರುಗಿಸಿದ. ಒಲೆಗೆ ಬೆನ್ನಾಯಿತು. ಅಂದಿನಿಂದ ಆ ಮನೆಯಲ್ಲಿ ಹಾಲು ಉಕ್ಕದ ದಿನವಿಲ್ಲ.

ಗುಡ್ಡದ ರೇಸಿನಲ್ಲಿ ಸೀಟಕ್ಕ ಗೆದ್ದಳೇ ಎಂದು ಕೇಳಬೇಡಿ. ಹದಿನಾಲ್ಕು ಕಾರಿನಲ್ಲಿ ಹನ್ನೊಂದನೆಯವಳು. "ನನ್ನ ಹಿಂದೆ ಮೂರು ಜನ, ಒಟ್ಟು ಆರು ಗಟ್ಟಿ ಕಾಲು," ಎನ್ನುತ್ತಿದ್ದಳು. ಮರುವರ್ಷ ಒಂಬತ್ತು, ಅದರ ಮರುವರ್ಷ ಹಳ್ಳದಲ್ಲಿ. ಹಳ್ಳಕ್ಕೆ ಬಿದ್ದಾಗ ಹದಿನಾರು ಸೆಕೆಂಡಿನಲ್ಲಿ, ಬಲಗಡೆಯ ಕಿಟಕಿಯಿಂದಲೇ ಹೊರಗೆ ಬಂದು, ಇನ್ನೂ ಬೆಲ್ಟು ಬಿಚ್ಚಲು ಒದ್ದಾಡುತ್ತಿದ್ದ ಕಂಡಕ್ಟರಿಗೆ, "ಏನೇ ಅಡಚಣೆ, ಇನ್ನೂ ಒಳಗೇ ಇದೀಯಾ?" ಎಂದಳು.

ಸುದ್ದಿ ಹಬ್ಬಿ ಜನ ಬರತೊಡಗಿದರು. ಒಂಟಿಕೈಯ ಪೇಂಟರ್ ಬಂದ. ಒಂದೇ ಕೈಯಲ್ಲಿ ಹಿಡಿದು ತಿರುಗಿಸಲು ಅವನ ಸ್ಟೀರಿಂಗಿಗೆ ತಮ್ಮ ಒಂದು ಗುಬುಟು ಕೂರಿಸಿದ. ಮರದ ಕಾಲಿನ ಪೋಸ್ಟ್‌ಮ್ಯಾನ್ ಬಂದ, ಕಿಟಕಿಯಿಂದ ಉರುಳುವಾಗ ಕಾಲು ಒಳಗೇ ಉಳಿದು ತಾನು ಹೊರಗೆ ಬಿದ್ದ. "ಕಾಲನ್ನ ಆಮೇಲೆ ಪೋಸ್ಟ್ ಮಾಡೋಣ, ನೀನು ಬಂದ್ಯಲ್ಲ," ಎಂದಳು ಸೀಟಕ್ಕ. ಕಣ್ಣಿಲ್ಲದ ಮೇಷ್ಟ್ರು ಬಂದು, ಪಕ್ಕದ ಸೀಟಿನಲ್ಲಿ ಕೂತು ತಿರುವು ಕೂಗುವುದನ್ನು ಕಲಿಯುತ್ತೇನೆಂದರು. ಚುಕ್ಕೆ ಲಿಪಿಯಲ್ಲಿ ಬರೆದುಕೊಂಡು ಬೆರಳಲ್ಲಿ ಓದಿದರು, ಕಾರು ಎಷ್ಟೇ ಕುಣಿದರೂ ಸಾಲು ತಪ್ಪಲಿಲ್ಲ. ತನಗಿಂತ ಚೆನ್ನಾಗಿ ಓದುತ್ತಾರೆಂದು ಕಂಡಕ್ಟರ್ ಎರಡು ದಿನ ಊಟ ಬಿಟ್ಟಳು. ಎಲ್ಲರೂ ಮೊದಲು ಹಾದುಹೋಗಬೇಕಾದ್ದು ಆ ಅಡುಗೆಮನೆಯ ಕಿಟಕಿ. ಅದರ ಕೆಳಗಿನ ಚೌಕಟ್ಟು ಸವೆದು ಸವೆದು ಹೊಳೆಯತೊಡಗಿತು. ಅಮ್ಮ ಕಣ್ಣು ಮುಚ್ಚುವವರೆಗೂ ಮಣೆಯ ಮೇಲೆ ಕೂತು ಎಣಿಸುತ್ತಲೇ ಇದ್ದಳು. ಅವಳ ಎಣಿಕೆ ಧೈರ್ಯಕ್ಕೆ, ವಾಚಿನವನದು ಲೆಕ್ಕಕ್ಕೆ.

ಅರವತ್ತೆಂಟನೆಯ ವರ್ಷದಲ್ಲಿ, ಒಂದು ಮಧ್ಯಾಹ್ನ, ಸೂಜಿಯನ್ನು ಸ್ಪಂಜಿನಲ್ಲಿ ಚುಚ್ಚಿಟ್ಟು ಸೀಟಕ್ಕ ಹಿಂದಕ್ಕೆ ಒರಗಿದಳು. ಕಂಡಕ್ಟರ್ ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಸೊಂಟ ಒಂದು ಕಡೆಗೆ ಜಾರಿತ್ತು. ಕಂಡಕ್ಟರ್ ಅದನ್ನು ನೆಟ್ಟಗೆ ಕೂರಿಸಿ, ಆಮೇಲೆ ಅತ್ತಳು.

ಮರುದಿನ ಬೀದಿಯೆಲ್ಲ ನೆರೆಯಿತು. ಹೊರುವವರು ಮುಂಬಾಗಿಲ ಕಡೆ ತಿರುಗಿದಾಗ ಕಂಡಕ್ಟರ್ ಅಡ್ಡ ನಿಂತಳು.

"ಆ ಕಡೆಯಿಂದಲ್ಲ. ಬಾಗಿಲಿಂದ ಸಾಗಿಸಿದ್ರೆ ವಾಪಸ್ ಬಂದು ಒದೀತೀನಿ ಅಂದಿದಾರೆ."

"ಒದೆಯೋಕೆ ಕಾಲೆಲ್ಲಿತ್ತಮ್ಮ ಅವಳಿಗೆ?" ಎಂದಳು ನರ್ಸಮ್ಮ. ಈಗ ಹಣ್ಣುಹಣ್ಣು ಮುದುಕಿ.

"ಧೈರ್ಯ ಇದ್ರೆ ಬಾಗಿಲಿಂದ ತಗೊಂಡು ಹೋಗಿ ನೋಡಿ."

ಯಾರಿಗೂ ಆ ಧೈರ್ಯ ಬರಲಿಲ್ಲ. ತಮ್ಮ, ಪೇಂಟರ್, ಪೋಸ್ಟ್‌ಮ್ಯಾನ್, ಮೇಷ್ಟ್ರು, ನಾಲ್ವರು ಸೇರಿ ಎತ್ತಿದರು. ನಾಲ್ಕು ಜನಕ್ಕೆ ಏಳು ಕೈ, ಏಳು ಕಾಲು, ಆರು ಕಣ್ಣು. ಅಡುಗೆಮನೆಯಲ್ಲಿ ಸೀಟಿಗೆ ಮೊಣಕಾಲು ತಾಗಿಸಿಕೊಂಡರು, ಒಲೆಗೆ ಬೆನ್ನು ತಾಗಿಸಿಕೊಂಡರು, ಒಬ್ಬರಿಗೊಬ್ಬರು ಬೈದುಕೊಂಡರು. "ತಲೆ ಮೊದಲು, ತಲೆ ಮೊದಲು!" "ಮೇಷ್ಟ್ರೇ, ಅದು ಗೋಡೆ!" ಕಿಟಕಿಯ ಹೊರಗೆ ನಿಂತಿದ್ದ ವಾಚಿನವನು ಅಭ್ಯಾಸಬಲದಲ್ಲಿ ಸ್ಟಾಪ್‌ವಾಚನ್ನು ಹೊರತೆಗೆದ.

ಕಂಡಕ್ಟರ್ ಅವನ ಕೈಯನ್ನು ಮೆಲ್ಲಗೆ ಕೆಳಗೆ ಒತ್ತಿದಳು. "ಇವತ್ತು ಅದು ಬೇಡ," ಎಂದಳು.

ಮೂಲೆಯಿಂದ ಅತ್ತೆಯ ಮಣೆ ಎಳೆದುಕೊಂಡು ಬಾಗಿಲ ಬಳಿ ಕೂತು, "ಹೂಂ" ಎಂದಳು. ಒಂದು, ಎರಡು. ಹದಿಮೂರರವರೆಗೆ ಬಂದು, ಸೆರಗು ಸರಿಮಾಡಿಕೊಂಡಳು. ಕೆಮ್ಮಿದಳು. ಒಲೆ ಹತ್ತಿರಲಿಲ್ಲ, ಆದರೂ ಯಾರಿಗೋ ಒಲೆ ಸಣ್ಣ ಮಾಡು ಎಂದಳು. ಸವೆದು ನುಣುಪಾದ ಚೌಕಟ್ಟಿನ ಮೇಲೆ ಸೀಟಕ್ಕ ಜಾರುತ್ತಿದ್ದಳು, ಮೊದಲು ತಲೆ, ಆಮೇಲೆ ಪೈಲ್ವಾನನ ಭುಜ, ಎಲ್ಲಕ್ಕಿಂತ ಕೊನೆಗೆ ಎಂದಿನ ಹಾಗೆ ಆ ಎರಡು ಸೋಮಾರಿ ಕಾಲು. ಹೆಬ್ಬೆರಳು ಕಿಟಕಿ ದಾಟುವವರೆಗೂ ಕಾದು ಕಂಡಕ್ಟರ್ ಎದ್ದು ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಹದಿನೆಂಟು!"